ಘಾರಾಪುರಿಯ ಹಿಂಬದಿ

ಅವತ್ತು ಮುಂಬಯಿ ಬಂದ್.
ಯಾರು ಕರೆದದ್ದು, ಯಾಕೆ, ನಮಗೆ ಯಾರೂ ಹೇಳಲಿಲ್ಲ.
ಫೋರ್ಟಿನ ಹೋಟೆಲುಗಳ ಶಟರು ಮೊಣಕಾಲಿನವರೆಗೆ ಇಳಿದು
ಒಳಗೆ ಒಲೆ ತಣ್ಣಗಿತ್ತು.
ಊರು ಬಿಟ್ಟು ಬಂದ ಮೇಲೆ ಮೊದಲ ಸಲ
ಅದರ ಮೇಲೆ ಕೈಯಿಟ್ಟು ನೋಡಿದೆ.

ಕುಂಜೂರು ಮೇಷ್ಟ್ರು ಹಗಲು ಬಂದರಿನ ಕಚೇರಿಯ ಗುಮಾಸ್ತ,
ರಾತ್ರಿ ಎಂಟೂವರೆಗೆ ನಮಗೆ ಭೂಗೋಳ.
"ಸಮುದ್ರಕ್ಕೆ ಬಂದ್ ಇಲ್ಲ, ಬನ್ನಿರೋ" ಎಂದು
ಹನ್ನೊಂದು ಹುಡುಗರನ್ನು ಸಸೂನ್ ಡಾಕಿಗೆ ನಡೆಸಿದರು.
ಧರ್ಮಾ ತಾಂಡೇಲನ ದೋಣಿಗೆ ನಿನ್ನೆಯ ಬೊಂಬಿಲಿನ ವಾಸನೆ.
ತಲೆಗೆ ಎಂಟಾಣೆ. ಐತನ ಎಂಟಾಣೆ ಮೇಷ್ಟ್ರದ್ದು.

ಗುಹೆಯ ಕಡೆ ಲಾಂಚೊಂದು
ಬಿಳಿ ಟೊಪ್ಪಿಯ ಪರದೇಶದವರನ್ನು ಇಳಿಸುತ್ತಿತ್ತು.
ಮೂರು ಮುಖದ ದೇವರು ಅತ್ತ.
"ಮುಂಬಾಗಿಲನ್ನು ಎಲ್ಲರೂ ನೋಡುತ್ತಾರೆ" ಎಂದರು ಮೇಷ್ಟ್ರು.
"ತಾಂಡೇಲ, ಹಿಂದಕ್ಕೆ ತಿರುಗಿಸು."
ಹಿಂಬದಿ ನಮಗೆ ಗೊತ್ತಿದ್ದ ವಿಷಯ.
ಎಲ್ಲ ಹೋಟೆಲಿಗೂ ಒಂದು ಇದೆ, ನಾವು ಮಲಗುವುದು ಅಲ್ಲೇ.

ಎಂಜಿನು ನಿಂತ ಮೇಲೂ ಕಿವಿಯೊಳಗೆ ಓಡುತ್ತಿತ್ತು.
ಎದುರಿಗೆ ಕಲ್ಲಿನ ಗೋಡೆ. ಕಪ್ಪು, ಆದರೆ ಬರೀ ಕಪ್ಪಲ್ಲ.
ಬಾಣಲೆ ತಳದ ಕಪ್ಪು, ಅದರಡಿ ಸುಟ್ಟ ಬೆಲ್ಲ,
ನೀರು ತಾಗುವಲ್ಲಿ
ಹುಳಿಗೆ ಕಿಲುಬು ಹಿಡಿದ ಹಿತ್ತಾಳೆ ಲೋಟದ ಹಸಿರು,
ನೆತ್ತಿಯ ಮೇಲೆ ಹಕ್ಕಿಗಳು ಚೆಲ್ಲಿದ ಸುಣ್ಣ.

"ಇದೆಲ್ಲ ಉಕ್ಕಿದ್ದು. ನೆಲ ಬಿರಿದು, ಬೆಂಕಿ ಉಕ್ಕಿ ಹರಿದದ್ದು.
ಜ್ವಾಲಾಮುಖಿ, ಪುಟ ನಲವತ್ತೆರಡು."
ಪುಟ ಯಾರಿಗೂ ನೆನಪಿರಲಿಲ್ಲ. ಹೆರಿಯ ಕೇಳಿದ:
"ಹಾಲು ಉಕ್ಕಿದ ಹಾಗೆಯೋ ಮೇಷ್ಟ್ರೇ, ಹಿಟ್ಟು ಉಕ್ಕಿದ ಹಾಗೆಯೋ?"
ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.
ಬಂಡೆಯ ತುಂಬ ತೂತು.
ಒಳಗೆ ಸಿಕ್ಕಿಬಿದ್ದ ಗಾಳಿ ತಪ್ಪಿಸಿಕೊಂಡ ತೂತು.
ಕಾವಲಿಯ ಮುಂದೆ ನಾಲ್ಕು ವರ್ಷ ನಿಂತವನಿಗೆ
ಅದನ್ನು ಕಲಿಸಬೇಕಿಲ್ಲ.
"ದೋಸೆ" ಎಂದ ಹೆರಿಯ,
"ಒಂದರ ಮೇಲೊಂದು ಹುಯ್ದು, ಮಗುಚದೆ ಬಿಟ್ಟದ್ದು."
ದೋಣಿಯೇ ಅಲ್ಲಾಡುವಂತೆ ನಕ್ಕೆವು.
ತಾಂಡೇಲನೂ ನಕ್ಕ, ಭಾಷೆ ಬಾರದೆ.

ಎರಡು ಕಪ್ಪಿನ ನಡುವೆ ಒಂದು ಕೆಂಪು ಗೆರೆ ಇತ್ತು.
ಗೇಣಗಲ, ಗೋಡೆಯ ಉದ್ದಕ್ಕೂ.
"ಅದು?" ಎಂದ ಐತ.
"ಒಂದು ಬೆಂಕಿ ಆರಿ ಇನ್ನೊಂದು ಬರುವ ತನಕ
ಕಲ್ಲಿಗೆ ಬಿಡುವು ಸಿಕ್ಕಿತು. ಮಳೆ ಹೊಯ್ದು ಮಣ್ಣಾಯಿತು.
ಆ ಮಣ್ಣನ್ನು ಮುಂದಿನ ಬೆಂಕಿ ಇಟ್ಟಿಗೆಯಂತೆ ಸುಟ್ಟಿತು."
"ಎಷ್ಟು ದಿನದ ಬಿಡುವು?"
"ಸಾವಿರ ವರ್ಷ. ಹತ್ತು ಸಾವಿರವೂ ಇರಬಹುದು."

ಯಾರೂ ಮಾತಾಡಲಿಲ್ಲ.
ನಮ್ಮದು ಮೂರರಿಂದ ನಾಲ್ಕು,
ಊಟದ ತಟ್ಟೆ ತೊಳೆದು ಚಹಾದ ನೀರು ಏರುವ ಮುನ್ನ.
ಐತ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ.
ಅಲ್ಲಿ ಇನ್ನೊಂದು ಗೆರೆ, ಸಾಂಬಾರಿನ ಕೊಪ್ಪರಿಗೆಯದು.
"ಆ ಮಣ್ಣಲ್ಲಿ ಏನಾದರೂ ಬೆಳೆದಿತ್ತೋ?"
ಮೇಷ್ಟ್ರಿಗೆ ಗೊತ್ತಿರಲಿಲ್ಲ.
ಗೊತ್ತಿಲ್ಲ ಎಂದರು.

ಮರಳುವಾಗ ಭರತ ಏರುತ್ತಿತ್ತು.
ಮುಂಬಯಿ ಎದುರಿಗೆ ಕೂತಿತ್ತು, ಹೊಗೆಯಿಲ್ಲದೆ, ಗುರುತು ಹತ್ತದೆ.
ಅದೂ ದ್ವೀಪವೇ ಅಂತೆ, ಏಳು ತುಂಡು,
ನಡುವೆ ಮಣ್ಣು ಸುರಿದು ಕೂಡಿಸಿದ್ದು,
ನಾವು ಚಾಪೆ ಹಾಸುವ ಜಾಗದ ಅಡಿಗೂ ಇದೇ ಕಲ್ಲು.
"ಅದಕ್ಕೇ ಬೆನ್ನು ನೋಯುವುದು" ಎಂದ ಹೆರಿಯ.
ಈ ಸಲ ಯಾರೂ ಅಷ್ಟು ನಗಲಿಲ್ಲ.
ಬೆಳಗಿನ ಐದಕ್ಕೆ ಒಲೆ ಹಚ್ಚಬೇಕಿತ್ತು.

ವಾರ್ಷಿಕ ಪರೀಕ್ಷೆಯಲ್ಲಿ ಕೇಳಿದ್ದರು: ದ್ವೀಪ ಎಂದರೇನು?
ನಾವು ಹತ್ತು ಜನ ನಾಲ್ಕೂ ಕಡೆ ನೀರು ಬರೆದೆವು.
ಐತ ಬರೆದ: ಬೆಂಕಿಗೆ ರಜೆ ಸಿಕ್ಕಿದ ಜಾಗ.
ಮೇಷ್ಟ್ರು ಅರ್ಧ ಅಂಕ ಕೊಟ್ಟರು.
ಉಳಿದರ್ಧ ಯಾಕಿಲ್ಲ ಎಂದು ಅವನು ಕೇಳಲಿಲ್ಲ,
ದೋಣಿಯ ಎಂಟಾಣೆ ಇನ್ನೂ ಬಾಕಿಯಿತ್ತು.